ಒರೆಗೆ ಹಚ್ಚುವ ಓದು

ಗದುಗಿನ ಸೀಮೆಯಲ್ಲಿ ಸಂಗೀತಕ್ಕೆ ತಲೆದೂಗುವವರು ಬೇಕಾದಷ್ಟು ಜನ. ಕಾದಂಬರಿ ಓದುವವರಿಗೂ ಬರವಿಲ್ಲ. ಸಂಶೋಧನ ಗ್ರಂಥದ ಮಾತು ಬಂದರೆ ಮಾತ್ರ, ಅದು ಪಿಎಚ್.ಡಿ. ಮಾಡುವವರ ಸರಕು ಎಂದು ಬದಿಗೆ ಸರಿಸಿಬಿಡುತ್ತೇವೆ. ಹೀಗೆ ಸರಿಸಿದ್ದರಿಂದ ನಮ್ಮ ಊರಿನ ಬಗ್ಗೆಯೇ ಬಂದಿರುವ ಎಷ್ಟೋ ಒಳ್ಳೆಯ ಬರಹ ನಮ್ಮ ಕೈಗೆ ಸಿಗದೇ ಹೋಗಿದೆ. ರಾಗದ ಹೆಸರು ಗೊತ್ತಾದ ಮಾತ್ರಕ್ಕೆ ಕೇಳಿಕೆ ಮುಗಿಯುವುದಿಲ್ಲ. ಅದು ಬೆಳೆದ ಬಗೆಯೇ ಸುಖ. ವಿದ್ವತ್ ಗ್ರಂಥದ ಸುಖವೂ ಹಾಗೆಯೇ, ಲೇಖಕ ಆಧಾರದಿಂದ ತೀರ್ಮಾನಕ್ಕೆ ನಡೆದ ದಾರಿಯಲ್ಲಿದೆ.

ಆ ದಾರಿಯನ್ನು ಪರೀಕ್ಷಿಸಲು ಲಕ್ಷ್ಮೇಶ್ವರದವರಿಗೆ ಇರುವ ಅನುಕೂಲ ದೊಡ್ಡ ನಗರದವರಿಗಿಲ್ಲ. ಪುಸ್ತಕದಲ್ಲಿ ಹೆಸರು ಬಂದ ಗುಡಿ, ಬಸದಿ, ಕಲ್ಲು ಇಲ್ಲಿ ನಡೆದು ತಲುಪುವಷ್ಟು ಹತ್ತಿರ. ‘ಕವಿರಾಜಮಾರ್ಗ’ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಹೇಳುವ ಪುಲಿಗೆರೆ ಇದೇ ಊರು. ಪಂಪ ತನ್ನ ಕಾವ್ಯದ ಭಾಷೆಗೆ ನೆಲೆಯೆಂದು ಹೇಳಿಕೊಂಡದ್ದೂ ಇದನ್ನೇ. ಶೆಲ್ಡನ್ ಪೊಲಾಕ್ 2006ರಲ್ಲಿ ಸಂಸ್ಕೃತ ಮತ್ತು ದೇಶಭಾಷೆಗಳ ಅಧಿಕಾರದ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಕನ್ನಡದ ಈ ಆರಂಭಕ್ಕೆ ಪ್ರಮುಖ ಸ್ಥಾನವಿದೆ. ಆದರೆ ಹೊಸ ಓದುಗರು ಅಲ್ಲಿಂದ ಶುರುಮಾಡುವುದು ಬೇಡ. ಒಂದು ಕಲ್ಲಿನಿಂದ ಶುರುಮಾಡಿ.

ಆ ಕಲ್ಲು ಶಂಖಬಸದಿಗೆ ಸೇರಿದ್ದು. ಜೆ. ಎಫ್. ಫ್ಲೀಟ್ ಅದರ ಪಾಠವನ್ನು ‘ಇಂಡಿಯನ್ ಆಂಟಿಕ್ವರಿ’ಯ 7ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದರಲ್ಲಿ ಗಂಗ ಮಾರಸಿಂಹನ ಕಾಲದ, ಶಕ 890ರ, ಅಂದರೆ ಕ್ರಿ.ಶ. 968ರ ದತ್ತಿಯಿದೆ. ಅದೇ ಕಲ್ಲಿನಲ್ಲಿ ಬಾದಾಮಿ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ, ಶಕ 656ರ, ಅಂದರೆ 734ರ ದತ್ತಿಯೂ ಇದೆ. ಎರಡಕ್ಕೂ ನಡುವೆ 234 ವರ್ಷಗಳ ಅಂತರ. ಆದರೆ ಅಕ್ಷರಗಳೆಲ್ಲ ಹತ್ತನೆಯ ಶತಮಾನದವು.

ಇಲ್ಲಿ ನಿಲ್ಲಿ. ಮುಂದಿನ ಪುಟಕ್ಕೆ ಓಡಬೇಡಿ. 734ರ ದಾನದ ಮಾತು ಹತ್ತನೆಯ ಶತಮಾನದ ಲಿಪಿಯಲ್ಲಿ ಏಕಿದೆ? ಹಳೆಯ ತಾಮ್ರಪಟವೊಂದು ಬಸದಿಯವರ ಹತ್ತಿರ ಇದ್ದು, ಮಾರಸಿಂಹನ ಹೊಸ ದಾನ ಬಂದಾಗ ಹಳೆಯದನ್ನೂ ಕಲ್ಲಿಗೆ ಇಳಿಸಿದರೇ? ಅಥವಾ ಹೊಲದ ಮೇಲಿನ ಹಕ್ಕಿಗೆ ತಕರಾರು ಬಂದಾಗ ಪುರಾತನ ರಾಜನ ಹೆಸರಿನಲ್ಲಿ ದಾಖಲೆ ಹುಟ್ಟಿಸಿದರೇ? ಈ ಎರಡೂ ದಿಕ್ಕಿನಲ್ಲಿ ವಿದ್ವಾಂಸರು ಯೋಚಿಸಿದ್ದಾರೆ. ಯಾವ ಉತ್ತರ ಹಿಡಿದರೂ ಅದರ ಪರಿಣಾಮ ದೂರ ಹೋಗುತ್ತದೆ. ನಕಲೆಂದರೆ ಎಂಟನೆಯ ಶತಮಾನದ ಪುಲಿಗೆರೆಯಲ್ಲಿ ರಾಜಾಶ್ರಯ ಪಡೆದ ಬಸದಿ ಇತ್ತೆಂದು ಧೈರ್ಯವಾಗಿ ಹೇಳಬಹುದು. ಸೃಷ್ಟಿಯೆಂದರೆ ಆ ಕಲ್ಲು ಹತ್ತನೆಯ ಶತಮಾನದವರು ತಮ್ಮ ಹಿಂದಿನ ಕಾಲವನ್ನು ಹೇಗೆ ಕಲ್ಪಿಸಿಕೊಂಡರು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ನನಗೆ ಎರಡನೆಯ ಸಾಧ್ಯತೆಯೂ ಮೊದಲನೆಯದರಷ್ಟೇ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಸುಳ್ಳು ದಾಖಲೆಯೂ ಅದನ್ನು ಬರೆಯಿಸಿದವರ ಅಗತ್ಯದ ಬಗ್ಗೆ ನಿಜವನ್ನೇ ಹೇಳುತ್ತದೆ.

ಇನ್ನು ಮುಂದೆ ಜೈನಧರ್ಮದ ಇತಿಹಾಸ ಕುರಿತ ಯಾವುದೇ ಹೊಸ ಪುಸ್ತಕ ಕೈಗೆ ಬಂದರೆ ಕೊನೆಯ ಹೆಸರುಪಟ್ಟಿಯಲ್ಲಿ ಲಕ್ಷ್ಮೇಶ್ವರ ಹುಡುಕಿ, ಆ ಪುಟ ತೆಗೆಯಿರಿ. ಲೇಖಕ 734 ಎಂದು ಬರೆದು ಸುಮ್ಮನಾಗಿದ್ದಾನೆಯೇ, ಅಡಿಟಿಪ್ಪಣಿಯಲ್ಲಾದರೂ ಲಿಪಿಯ ಸಂಗತಿ ಹೇಳಿದ್ದಾನೆಯೇ ನೋಡಿ. ಇಷ್ಟರಿಂದಲೇ ಆ ಪುಸ್ತಕದ ಉಳಿದ ಪುಟಗಳನ್ನು ಎಷ್ಟು ನಂಬಬೇಕೆಂದು ಅಂದಾಜಾಗುತ್ತದೆ. ಅಡಿಟಿಪ್ಪಣಿ ಬಿಟ್ಟು ಓದಿದರೆ ಇಂಥ ಪುಸ್ತಕದ ಅರ್ಧ ರುಚಿ ಹೋಯಿತು.

ಇದೇ ಊರಿನ ಇನ್ನೊಂದು ಶಾಸನ ರಾಜಕೀಯ ಗ್ರಂಥಗಳಿಗೆ ಒರೆಗಲ್ಲು. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ, ವಿಕ್ರಮಾದಿತ್ಯ ಇನ್ನೂ ಯುವರಾಜನಾಗಿದ್ದಾಗ ಪೊರಿಗೆರೆಯ, ಅಂದರೆ ಪುಲಿಗೆರೆಯ, ಮಹಾಜನಕ್ಕೂ ಹದಿನೆಂಟು ಪ್ರಕೃತಿಗಳಿಗೂ (ಪ್ರಜಾವರ್ಗಗಳಿಗೂ) ಕೊಟ್ಟ ಆಚಾರವ್ಯವಸ್ಥೆ ಅದು. ಎಲ್. ಡಿ. ಬಾರ್ನೆಟ್ ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 14ನೆಯ ಸಂಪುಟದಲ್ಲಿ ಸಂಪಾದಿಸಿದರು. ರಾಜನ ಅಧಿಕಾರಿಗಳು ಊರಿನವರೊಡನೆ ಹೇಗೆ ನಡೆದುಕೊಳ್ಳಬೇಕು, ಮನೆಗಳು ತಮ್ಮ ಅಂತಸ್ತಿಗೆ ತಕ್ಕಂತೆ ಎಷ್ಟು ಕೊಡಬೇಕು ಎಂಬ ಲೆಕ್ಕ ಅದರಲ್ಲಿದೆ. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆ ಕುರಿತ ಪುಸ್ತಕ ಅರಮನೆ, ಯುದ್ಧಗಳಲ್ಲೇ ಮುಗಿದರೆ ಈ ಕಲ್ಲನ್ನು ಮುಂದಿಟ್ಟು ಕೇಳಿ: ಊರಿಗೆ ತನ್ನದೇ ಆದ ಹಕ್ಕುಬಾಧ್ಯತೆಗಳಿದ್ದವಲ್ಲ, ಅವು ಎಲ್ಲಿ ಹೋದವು?

ಹೊಸ ಪುಸ್ತಕಗಳಲ್ಲಿ ಇಲ್ಲಿಯವರು ಮೊದಲು ಓದಬೇಕಾದದ್ದು ಗಿಲ್ ಬೆನ್-ಹೆರುಟ್ ಅವರ ‘ಶಿವಾಸ್ ಸೇಂಟ್ಸ್’ (2018). ಹರಿಹರನ ರಗಳೆಗಳ ಮೇಲಿನ ಗ್ರಂಥ ಅದು. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಪುಲಿಗೆರೆಯ ಜೈನ ಮನೆತನದ ಪದ್ಮಾವತಿಯನ್ನು ಮದುವೆಯಾಗಿ, ಅವಮಾನಗೊಂಡು, ಸೋಮನಾಥನನ್ನೇ ಇಲ್ಲಿಗೆ ಕರೆತಂದು ಬಸದಿಯಲ್ಲಿ ನೆಲೆಗೊಳಿಸಿದ ಕತೆ ಹರಿಹರನದು. ರಾಘವಾಂಕ ಅದನ್ನೇ ‘ಸೋಮನಾಥ ಚಾರಿತ್ರ’ವಾಗಿ ವಿಸ್ತರಿಸಿದ. ಹರಿಹರನ ಶರಣರು ಬ್ರಾಹ್ಮಣ, ವೈಷ್ಣವ, ಜೈನರೊಡನೆ ನಡೆದುಕೊಳ್ಳುವ ರೀತಿ ಒಂದೇ ಸಮನಲ್ಲ, ಜೈನರ ವಿಷಯದಲ್ಲಿ ವಿರೋಧ ಎಲ್ಲಕ್ಕಿಂತ ಕಟುವಾಗುತ್ತದೆ ಎಂದು ಬೆನ್-ಹೆರುಟ್ ಬಿಡಿಸಿ ತೋರಿಸುತ್ತಾರೆ. ಓದುವ ಕ್ರಮ ಹೀಗಿರಲಿ: ಮೊದಲು ರಗಳೆ, ಆಮೇಲೆ ಸೋಮೇಶ್ವರ ಗುಡಿಯ ಪ್ರಾಕಾರದಲ್ಲಿ ಒಂದು ಸುತ್ತು, ಆಮೇಲೆ ಅವರ ಪುಸ್ತಕ. ಕಾವ್ಯವನ್ನು ಪಂಚನಾಮೆಯಂತೆ ಓದುವ ಲೇಖಕರೂ ಇದ್ದಾರೆ. ಅಂಥವರ ಬಗ್ಗೆ ಎಚ್ಚರ ಬೇಕು. ಸೋಮೇಶ್ವರ ಗುಡಿ, ಬಸದಿಗಳು, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ ಒಂದೇ ಊರಿನಲ್ಲಿರುವಾಗ ಹಳೆಯ ಕತೆಯನ್ನು ಇಂದಿನ ಜಗಳಕ್ಕೆ ಎಳೆದು ತರುವುದು ಸುಲಭ. ಕವಿ ಯಾವ ಕಾಲದವನು, ಯಾರಿಗಾಗಿ ಹಾಡಿದ, ಕಲ್ಲು ಏನನ್ನುತ್ತದೆ ಎಂದು ಬೇರೆಬೇರೆಯಾಗಿ ಕೇಳುವ ಪುಸ್ತಕ ಈ ಊರಿಗೆ ಉಪಕಾರಿ.

ಇಂಗ್ಲಿಷ್ ಓದಬಲ್ಲವರಿಗೆ ಮನು ದೇವದೇವನ್ ಅವರ ‘ಎ ಪ್ರೀಹಿಸ್ಟರಿ ಆಫ್ ಹಿಂದೂಯಿಸಂ’ (2016) ಪುಕ್ಕಟೆಯಾಗಿ ಅಂತರ್ಜಾಲದಲ್ಲಿ ಸಿಗುತ್ತದೆ. ಮತೀಯ ಗುರುತುಗಳು ಕರ್ನಾಟಕದಲ್ಲಿ ಹೇಗೆ ಗಟ್ಟಿಯಾದವು ಎಂಬುದು ಅವರ ಒಂದು ಮುಖ್ಯ ಪ್ರಶ್ನೆ. ಬೆನ್-ಹೆರುಟ್ ಅವರ ಜೊತೆಗಿಟ್ಟು ಓದಿ, ಇಬ್ಬರು ಎಲ್ಲಿ ಕೂಡುತ್ತಾರೆ, ಎಲ್ಲಿ ಬೇರಾಗುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಕನ್ನಡದಲ್ಲೇ ಓದುವವರಿಗೆ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಇಂದಿಗೂ ಒಳ್ಳೆಯ ಬಾಗಿಲು. ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳಲ್ಲಿ ಬಿಡಿ ಲೇಖನಗಳಿರುವುದರಿಂದ ಒಂದು ಸಂಜೆಗೆ ಒಂದರಂತೆ ಓದಬಹುದು. ಗದುಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆಯ ಪ್ರಕಟಣೆಗಳನ್ನೂ ಬಿಡಬೇಡಿ.

ಕಲೆಯ ಪುಸ್ತಕಕ್ಕೆ ಬೇರೆ ಕ್ರಮ. ಅಕ್ಷರಕ್ಕಿಂತ ಮೊದಲು ರೇಖಾಚಿತ್ರ. ಆಡಂ ಹಾರ್ಡಿಯವರು ಕರ್ಣಾಟ ದ್ರಾವಿಡ ದೇವಾಲಯ ಪರಂಪರೆ ಕುರಿತು 1995ರಲ್ಲಿ ಪ್ರಕಟಿಸಿದ ಗ್ರಂಥವನ್ನು ತೆಗೆದುಕೊಂಡು ಮುಂಡರಗಿ ತಾಲೂಕಿನ ಡಂಬಳಕ್ಕೆ ಹೋಗಿ. ಗೋಡೆಯೆಂದು ನಾವು ನೋಡುವುದನ್ನು ಹಾರ್ಡಿ ಒತ್ತೊತ್ತಾಗಿ ನಿಂತ ಪುಟ್ಟ ಗುಡಿಗಳ ಸಾಲೆಂದು ಓದುತ್ತಾರೆ. ಒಂದರೊಳಗಿಂದ ಇನ್ನೊಂದು ಹೊರಬರುತ್ತ ಶಿಖರದವರೆಗೂ ಏರುತ್ತವೆ. ದೊಡ್ಡಬಸಪ್ಪ ಗುಡಿಯ ಗರ್ಭಗೃಹದ ಹೊರಮೈ 24 ಮೂಲೆಗಳ ನಕ್ಷತ್ರ. ಕಾಗದದ ಮೇಲೆ ಚೌಕವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ನೀವೇ ಬರೆದು ನೋಡಿ. ಆಮೇಲೆ ಗೋಡೆಗೆ ಬೆರಳಿಟ್ಟು ಮೂಲೆಗಳನ್ನು ಎಣಿಸುತ್ತ ಸುತ್ತು ಹಾಕಿದರೆ, ಹಾರ್ಡಿಯ ಕಠಿಣ ಪರಿಭಾಷೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಮಸೀದಿ, ಕೋಟೆಗಳಿಗೆ ಇದೇ ಬಗೆಯ ಕಣ್ಣು ಬೇಕೆಂದರೆ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರಲ್ಲಿ ಹೊರತಂದ ದಖ್ಖನಿನ ಅಧ್ಯಯನವಿದೆ. ಕಲ್ಯಾಣ, ರಾಯಚೂರು, ವಾರಂಗಲ್‌ಗಳನ್ನು ಹಿಡಿದು, ಹಳೆಯ ಕಟ್ಟಡದ ಭಾಗಗಳನ್ನು ಹೊಸ ಆಳರಸರು ಏಕೆ ಮತ್ತೆ ಬಳಸಿದರು ಎಂದು ಅವರು ಕೇಳುತ್ತಾರೆ. ಒಡೆದರು, ಕಟ್ಟಿದರು ಎಂಬ ಎರಡೇ ಮಾತಿನಲ್ಲಿ ಅವರ ಉತ್ತರ ಮುಗಿಯುವುದಿಲ್ಲ.

ಆಧುನಿಕ ರಾಜಕೀಯದ ಪುಸ್ತಕಗಳನ್ನು ಓದುವಾಗ ಕೇಳಬೇಕಾದದ್ದು, ಇದರಲ್ಲಿ ನಮ್ಮ ಊರು ಯಾವ ಖಾನೆಗೆ ಬಿತ್ತು ಎಂದು. ‘ಮುಂಬಯಿ ಕರ್ನಾಟಕ’ ಎಂದು ಒಂದೇ ಹೆಸರಿನಲ್ಲಿ ಬರೆದುಬಿಡುವ ಲೇಖಕರು ಬಹಳ. ಗದಗ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿತ್ತು, ನಿಜ. ಲಕ್ಷ್ಮೇಶ್ವರ ಮಿರಜ್ ಹಿರಿಯ ಶಾಖೆಯ ಪಟವರ್ಧನರದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರುವತನಕ ಅಕ್ಕಪಕ್ಕದ ಊರಿನವರು ಬೇರೆಬೇರೆ ದೊರೆತನಗಳಲ್ಲಿದ್ದರು. ಬ್ರಿಟಿಷ್ ಕಡತಗಳನ್ನಷ್ಟೇ ನೋಡಿ ಏಕೀಕರಣದ ಇತಿಹಾಸ ಬರೆದರೆ ಈ ಎರಡು ಊರು ಜಾರಿಹೋಗುತ್ತವೆ. ನರಗುಂದದ ಬಾಬಾಸಾಹೇಬರ ಜೊತೆ 1858ರಲ್ಲಿ ದಂಗೆಯೆದ್ದು ಕೊಪ್ಪಳ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯನ ಬಗ್ಗೆ ಬರೆದದ್ದನ್ನು ಓದುವಾಗಲೂ ದಾಖಲೆ ಯಾರ ಕೈಬರಹದ್ದು ಎಂದು ನೋಡಬೇಕು. ಆತನನ್ನು ಬೆನ್ನಟ್ಟಿದ ಅಧಿಕಾರಿಗಳ ವರದಿಯೇ, ಜನರ ಬಾಯಲ್ಲಿ ಉಳಿದ ಮಾತೇ? ಎರಡನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಹೊಂದುವುದಿಲ್ಲವೋ ಅದನ್ನು ಮುಚ್ಚದೆ ಬರೆದ ಲೇಖಕ ಸಿಕ್ಕರೆ ಅವರ ಇನ್ನೊಂದು ಪುಸ್ತಕವನ್ನೂ ತರಿಸಿಕೊಳ್ಳಿ.