ಸರೋವರ, ಮಂಜು ಮತ್ತು ನಮ್ಮ ಚಾರಣ ಗದ್ಯ

ಪ್ರವಾಸ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವುದರಿಂದ ಈಚೆಗೆ ಹಿಮಾಲಯ ಚಾರಣದ ಕನ್ನಡ ಬರಹಗಳನ್ನು ಒಟ್ಟಿಗೆ ಓದುತ್ತಿದ್ದೇನೆ. ಬರೆದವರು ಬೇರೆ ಬೇರೆಯಾದರೂ ಎಲ್ಲವೂ ಒಂದೇ ಕೈಯಿಂದ ಬಂದಂತಿವೆ. ಏದುಸಿರು, ಕೊನೆಯ ಏರು, ಸರೋವರದ ನೀಲಿ, ದಡದಲ್ಲೊಂದು ಟೆಂಟು, ತಲೆಯ ಮೇಲೆ ನಕ್ಷತ್ರ, ಕೊನೆಗೆ ಮಾತು ಸೋತ ಲೇಖಕರು. ಮಾತು ಸೋತಿದ್ದು ನಿಜವೇ? ಬೇಕಾದ ಮಾತನ್ನು ನಾವಿನ್ನೂ ಹುಡುಕಿಯೇ ಇಲ್ಲ ಎಂದು ನನಗನಿಸುತ್ತದೆ.

‘ಸರೋವರ’ ಎಂಬ ಪದವನ್ನೇ ನೋಡಿ. ಯಲಹಂಕ, ಹೆಬ್ಬಾಳಗಳಲ್ಲಿ ನಮಗಿರುವುದು ಕೆರೆ. ಅದಕ್ಕೆ ಏರಿ, ತೂಬು, ಕೋಡಿ ಇವೆ. ಕಟ್ಟಿದವರಿದ್ದಾರೆ, ಕೆಡಿಸಿದವರೂ ಇದ್ದಾರೆ. ಹಿಮಬೆಟ್ಟದ ನೀರಿಗೆ ಈ ಪದ ಒಗ್ಗುವುದಿಲ್ಲ, ಒಪ್ಪೋಣ. ಆದರೆ ‘ಸರೋವರ’ ಎಂದೊಡನೆ ಮಾನಸ ಸರೋವರದ ಪುಣ್ಯವೂ ಜೊತೆಗೆ ಬಂದುಬಿಡುತ್ತದೆ. ಚಾರಣಿಗ ಯಾತ್ರಿಕನಾಗುತ್ತಾನೆ, ನೋಟ ದರ್ಶನವಾಗುತ್ತದೆ. ದರ್ಶನಕ್ಕೆ ಹೊರಟವರು ಅರ್ಧದಾರಿಯಿಂದ ಮರಳಿದರೆ ಅದು ಕಥೆಯಾಗುವುದಿಲ್ಲ, ಹೇಳಿಕೊಳ್ಳಲಾಗದ ಕೊರತೆಯಾಗುತ್ತದೆ. ನಾನು ಓದಿದ ರಾಶಿಯಲ್ಲಿ ಹಿಂದಿರುಗಿದವರ ಕಥನ ಇಲ್ಲವೆನ್ನುವಷ್ಟು ಕಡಿಮೆ.

ಎರಡನೆಯದು ‘ಮಂಜು’. ನಂದಿಬೆಟ್ಟದ ಮುಂಜಾವಿನಲ್ಲಿ ಕವಿಯುವುದೂ ಮಂಜು, ಹಿಮಾಲಯದಲ್ಲಿ ಸುರಿಯುವುದೂ ಮಂಜು. ನಂದಿಯ ಎತ್ತರ 1,478 ಮೀಟರ್. ಅಲ್ಲಿನ ಮಂಜು ಬಿಸಿಲೇರಿದರೆ ಕರಗುತ್ತದೆ, ಫೋಟೊಗೂ ಚೆಂದ. 4,400 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ. 60 ಮಾತ್ರ. ಬಟ್ಟೆ ಒದ್ದೆಯಾಗಿ ಗಾಳಿ ಬೀಸತೊಡಗಿದರೆ ಮೈ ತನ್ನ ಬಿಸಿಯನ್ನು ಉಳಿಸಿಕೊಳ್ಳಲಾರದು. ಮೊದಲು ನಡುಕ, ಆಮೇಲೆ ತೊದಲು, ಆಮೇಲೆ ಬುದ್ಧಿಗೆ ಮಂಕು. ಎರಡನ್ನೂ ಒಂದೇ ಪದದಲ್ಲಿ, ಒಂದೇ ಮೋಹದಲ್ಲಿ ವರ್ಣಿಸುವ ಗದ್ಯ ಓದುಗರನ್ನು ನಂದಿಬೆಟ್ಟದ ಧೈರ್ಯದಲ್ಲೇ ಮೇಲಕ್ಕೆ ಕಳಿಸುತ್ತದೆ.

ಇದು ಬರೀ ಪದಗಳ ಜಗಳವಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಸರೋವರಗಳ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಅವರಲ್ಲಿ ಬಹುಪಾಲು ಕರ್ನಾಟಕದವರು. 9 ಮಂದಿ ತೀರಿಕೊಂಡರು, 13 ಮಂದಿ ಬದುಕಿ ಬಂದರು. ನಮ್ಮ ಉತ್ತರ ಬೆಂಗಳೂರಿನ ಬ್ಯಾಟರಾಯನಪುರದ ಶಾಸಕರೂ ಆದ ಸಚಿವ ಕೃಷ್ಣ ಬೈರೇಗೌಡರು ರಕ್ಷಣಾ ಕಾರ್ಯದ ಉಸ್ತುವಾರಿಗೆ ಡೆಹ್ರಾಡೂನ್‌ಗೆ ಹೋದರು. ತಪ್ಪು ಯಾರದೆಂದು ತೀರ್ಮಾನಿಸುವುದು ವಿಮರ್ಶೆಯ ಕೆಲಸವಲ್ಲ; ತೀರಿಕೊಂಡವರು ಏನು ಓದಿ ಹೊರಟಿದ್ದರೆಂದು ಊಹಿಸುವುದಂತೂ ಸಲ್ಲದು. ವಿಮರ್ಶೆ ಕೇಳಬಹುದಾದ ಪ್ರಶ್ನೆ ಬೇರೆಯಿದೆ: ಅಷ್ಟಾದ ಮೇಲೂ ನಮ್ಮ ಚಾರಣ ಬರಹ ಅದೇ ನೀಲಿ, ಅದೇ ನಕ್ಷತ್ರಗಳಲ್ಲೇ ಏಕೆ ನಿಂತಿದೆ?

ಕಾರಣ ಹುಡುಕಿದರೆ ಈ ಬರಹಗಳಲ್ಲಿ ಕಾಣದ ಜನ ನೆನಪಾಗುತ್ತಾರೆ. ಟೆಂಟು ಹೊತ್ತವರು, ಬೇಯಿಸಿ ಹಾಕಿದವರು, ದಾರಿ ಬಲ್ಲವರು ಇಲ್ಲಿ ‘ಪೋರ್ಟರ್’, ‘ಗೈಡ್’ ಎಂಬ ಹುದ್ದೆಗಳಷ್ಟೇ. ಆಕಾಶ ಕೆಡುವ ಸುಳಿವು ಮೊದಲು ಹತ್ತುವುದು ಅವರಿಗೆ. ಅವರ ಮಾತಿಗೆ ಪುಟದಲ್ಲಿ ಜಾಗವಿಲ್ಲದಿದ್ದರೆ ಹವಾಮಾನವೂ ಹಿನ್ನೆಲೆಯ ಚಿತ್ರವಾಗುತ್ತದೆ.

ಹಾಗಂತ ಕನ್ನಡಕ್ಕೆ ಬೇರೆ ದಾರಿ ಗೊತ್ತಿಲ್ಲವೆಂದಲ್ಲ. ತೇಜಸ್ವಿಯವರ ‘ಕರ್ವಾಲೊ’ (1980) ಹಿಮಾಲಯದ ಕಥೆಯಲ್ಲ, ಪ್ರವಾಸ ಕಥನವೂ ಅಲ್ಲ. ಆದರೂ ಗುಂಪು ಕಟ್ಟಿಕೊಂಡು ಕಾಡು ಹೊಗುವುದನ್ನು ಹೇಗೆ ಬರೆಯಬೇಕೆಂಬುದಕ್ಕೆ ನನಗೆ ಅದೇ ಮಾದರಿ. ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಯ ಜೊತೆ ಮಂದಣ್ಣನಿದ್ದಾನೆ, ಎಂಗ್ಟನಿದ್ದಾನೆ, ಬಿರಿಯಾನಿ ಕರಿಯಪ್ಪನಿದ್ದಾನೆ. ನಾಯಿಗೂ ಕಿವಿ ಎಂದು ಹೆಸರಿದೆ. ಮಂದಣ್ಣನ ಕಣ್ಣಿಲ್ಲದೆ ಕರ್ವಾಲೊ ಅವರ ವಿದ್ಯೆ ಮುಂದೆ ಹೆಜ್ಜೆಯಿಡದು. ಕೊನೆಗೂ ಓತಿ ಕೈಗೆ ಸಿಗದೆ ಪ್ರಪಾತದ ಕಡೆ ತೇಲಿಹೋಗುತ್ತದೆ. ಬರಿಗೈಯಲ್ಲಿ ಮರಳುವ ಆ ಗುಂಪನ್ನು ಯಾವ ಓದುಗರೂ ಸೋತವರೆಂದು ಎಣಿಸಿಲ್ಲ.

ಚಾರಣ ಬರೆಯುವವರಲ್ಲಿ ನಾನು ಕೇಳುವುದು ಇಷ್ಟೇ: ಗಾಳಿ ತಿರುಗಿದ್ದು ಎಷ್ಟು ಹೊತ್ತಿಗೆ, ‘ಇನ್ನು ಇಳಿಯೋಣ’ ಎಂದು ಮೊದಲು ಹೇಳಿದವರು ಯಾರು, ಉಳಿದವರು ಅದಕ್ಕೆ ಏನೆಂದರು ಎಂಬುದನ್ನೂ ಬರೆಯಿರಿ. ಸರೋವರ ಕಾಣದೆ ಹಿಂದಿರುಗಿದವರ ಕಥನವೊಂದು ಬಂದರೆ ಅದನ್ನು ಮೊದಲು ಓದುವವರ ಸಾಲಿನಲ್ಲಿ ನಾನಿರುತ್ತೇನೆ.