ಚಾರ್ಲಿಗಾಗಿ ಅತ್ತು ಮನೆಗೆ ಬಂದ ಮೇಲೆ

‘777 ಚಾರ್ಲಿ’ ನೋಡಿ ನಾನೂ ಅತ್ತಿದ್ದೀನಿ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಲ್ಲೆದೆಯವನು ಅಂತ ಬೈಬೇಡಿ. 2022ರ ಜೂನ್‌ನಲ್ಲಿ ಸಿನಿಮಾ ಬಂದಾಗ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ನೋಡಿ ಕಣ್ಣೀರು ಹಾಕಿದ್ದರು, ಇನ್ನು ನಾನು ಯಾವ ಲೆಕ್ಕ? ಕಣ್ಣು ಒರೆಸಿಕೊಂಡು ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದು ಬಾಗಿಲು ತೆಗೆದರೆ ಸೋಫಾದ ಅರ್ಧ ನೆಲದ ಮೇಲಿತ್ತು. ನಮ್ಮ ಬೋಂಡಾ ಕಿವಿ ಹಿಂದಕ್ಕೆ ಮಾಡಿಕೊಂಡು ಮೂಲೆಯಲ್ಲಿ ಮುದುರಿ ಕೂತಿದ್ದ. ನಾನು ಕಿರುಚಿದೆ. ಬೆಳಗ್ಗೆ ಒಂಬತ್ತೂವರೆಗೆ ಬೀಗ ಹಾಕಿ ಹೋದವನು ಆಫೀಸಿನಿಂದ ಸೀದಾ ಥಿಯೇಟರಿಗೆ ಹೋಗಿದ್ದೆ ಅನ್ನೋದು ನೆನಪಾಗಿದ್ದು ಕಿರುಚಿದ ಮೇಲೆ.

ಈ ಸಿನಿಮಾ ಬಗ್ಗೆ ಬರೆಯೋಕೆ ನಾನು ಆ ಸೋಫಾದಿಂದಲೇ ಶುರು ಮಾಡಬೇಕು.

ಮೊದಲು ಒಳ್ಳೇದು. ನಿರ್ದೇಶಕ ಕಿರಣ್‌ರಾಜ್ ನಾಯಿಯನ್ನು ಮನುಷ್ಯರ ಡೈಲಾಗ್ ಹೊಡೆಯುವ ಗೊಂಬೆ ಮಾಡಿಲ್ಲ. ಚಾರ್ಲಿ ನೋಡ್ತಾಳೆ, ಮೂಸ್ತಾಳೆ, ಕಾಯ್ತಾಳೆ. ಕ್ಯಾಮೆರಾ ಅವಳಿಗೆ ಸಮಯ ಕೊಡುತ್ತೆ. ರಕ್ಷಿತ್ ಶೆಟ್ಟಿಯ ಧರ್ಮ ಕಾರ್ಖಾನೆಯಿಂದ ಮನೆಗೆ, ಮನೆಯಿಂದ ಕಾರ್ಖಾನೆಗೆ ಓಡಾಡುವ ಒಂಟಿ ಜೀವ. ಸಾಕುವವನ ಕ್ರೌರ್ಯದಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ಅವನಿಗೆ ಗಂಟುಬೀಳುತ್ತೆ. ಕೊನೆಗೆ ಅವಳ ಕ್ಯಾನ್ಸರಿಗೂ ರಕ್ತಸಂಬಂಧದೊಳಗೇ ಮರಿ ಹಾಕಿಸುವ ದಂಧೆಗೂ ಸಿನಿಮಾ ನಂಟು ಹಾಕುತ್ತೆ. ಜನಪ್ರಿಯ ಕನ್ನಡ ಸಿನಿಮಾವೊಂದು ಈ ವಿಷಯವನ್ನ ಇಷ್ಟು ಗಟ್ಟಿಯಾಗಿ ಹೇಳಿದ್ದು ಸಣ್ಣ ಮಾತಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಮೊದಲರ್ಧದಲ್ಲಿ ಚಾರ್ಲಿ ಮನೆಯನ್ನು ರಣರಂಗ ಮಾಡ್ತಾಳೆ, ಥಿಯೇಟರ್ ಬಿದ್ದು ಬಿದ್ದು ನಗುತ್ತೆ. ನಾನೂ ನಕ್ಕೆ. ಮನೆಗೆ ಬಂದು ಅದೇ ದೃಶ್ಯ ನನ್ನ ಇಎಂಐ ಸೋಫಾದ ಮೇಲೆ ನಡೆದಾಗ ನಗು ಬರಲಿಲ್ಲ. ದಿನವಿಡೀ ಒಂಟಿಯಾಗಿ, ಮಾಡೋಕೆ ಏನೂ ಕೆಲಸವಿಲ್ಲದೆ ಇರುವ ನಾಯಿ ಕಚ್ಚಿ ಹರಿಯೋದು ಎಷ್ಟೋ ಸಲ ಬೇಸರದಿಂದ, ಇಲ್ಲಾ ಗಾಬರಿಯಿಂದ. ನಮ್ಮ ಪಶುವೈದ್ಯರು ನನಗೆ ಬಿಡಿಸಿ ಹೇಳಿದ್ದು ಇಷ್ಟೇ: ಅದು ನಿಮ್ಮ ಮೇಲಿನ ಸೇಡಲ್ಲ, ಆ ಮುದುರಿದ ಮುಖ ಪಶ್ಚಾತ್ತಾಪವೂ ಅಲ್ಲ, ನಿಮ್ಮ ದನಿ ಏರಿದ್ದಕ್ಕೆ ಹೆದರಿಕೆ. ಸಿನಿಮಾದಲ್ಲಿ ಈ ರಂಪಾಟ ಹಾಸ್ಯವಾಗಿ ಶುರುವಾಗಿ ಪ್ರೀತಿಯಾಗಿ ತಾನಾಗೇ ಕರಗಿಹೋಗುತ್ತೆ. ನಿಜವಾದ ಮನೆಯಲ್ಲಿ ತಾನಾಗೇ ಏನೂ ಕರಗಲ್ಲ. ಬೆಳಗ್ಗೆ ಒಂದು ವಾಕ್, ಸಂಜೆ ಒಂದು ವಾಕ್, ಐದು ನಿಮಿಷದಿಂದ ಶುರು ಮಾಡಿ ನಿಧಾನವಾಗಿ ಒಂಟಿಯಾಗಿರೋದನ್ನ ಕಲಿಸೋದು. ಇದಕ್ಕೆ ಹಿನ್ನೆಲೆ ಸಂಗೀತ ಇರಲ್ಲ.

ಎರಡನೇ ತಕರಾರು ಇನ್ನೂ ಚುಚ್ಚುವಂಥದ್ದು. ಸಿನಿಮಾದಲ್ಲಿ ಮರಿ ಹಾಕಿಸಿ ಮಾರುವವನು ಖಳ, ಸರಿ. ಆದರೆ ಕೊಳ್ಳುವವನು ಎಲ್ಲಿ? ಅವನಿಗೆ ಮುಖವೇ ಇಲ್ಲ. ಧರ್ಮ ನಾಯಿ ಕೊಳ್ಳಲ್ಲ, ನಾಯಿಯೇ ಅವನನ್ನ ಹುಡುಕಿಕೊಂಡು ಬರುತ್ತೆ. ಹಾಗಾಗಿ ಕತ್ತಲಲ್ಲಿ ಕೂತ ನಾವೆಲ್ಲ ಆರಾಮಾಗಿ ಧರ್ಮ ಆಗಿಬಿಡ್ತೀವಿ.

ನಾನು ಧರ್ಮ ಅಲ್ಲ. 2020ರಲ್ಲಿ, ವರ್ಕ್ ಫ್ರಂ ಹೋಮ್ ಬೇಜಾರಿನಲ್ಲಿ, ವಾಟ್ಸ್ಯಾಪಲ್ಲಿ ಫೋಟೋ ನೋಡಿ ಬೋಂಡಾನ ಕೊಂಡವನು. ಹನ್ನೆರಡು ಸಾವಿರ ರೂಪಾಯಿ. ಮುಖ್ಯರಸ್ತೆಯ ಪಕ್ಕ ನಿಂತ ಬೈಕಿನಿಂದ ಬುಟ್ಟಿ ಇಳಿಸಿ ಕೊಟ್ಟರು. ‘ನಲವತ್ತು ದಿನದ ಮರಿ ಸಾರ್, ಈಗ್ಲೇ ತಗೊಂಡ್ರೆ ಚೆನ್ನಾಗಿ ಹೊಂದ್ಕೊಳ್ಳುತ್ತೆ’ ಅಂದರು. ತಾಯಿಯನ್ನ ತೋರಿಸಿ ಅಂತ ನಾನು ಕೇಳಲೇ ಇಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ, ಸಾಕಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು ಅಂತ 2017ರಲ್ಲೇ ಕೇಂದ್ರದ ನಿಯಮ ಬಂದಿತ್ತು. ತಾಯಿನಾಯಿಗೆ ವರ್ಷಕ್ಕೊಂದೇ ಸೂಲು, ಇಡೀ ಜೀವನದಲ್ಲಿ ಐದಕ್ಕಿಂತ ಹೆಚ್ಚಿಲ್ಲ ಅಂತಲೂ ಅದರಲ್ಲಿದೆ. ಫೋನ್ ಕೊಳ್ಳುವಾಗ ಹತ್ತು ರಿವ್ಯೂ ನೋಡುವ ನಾನು ಇದನ್ನ ಓದಿದ್ದು ಬೋಂಡಾನ ಸೊಂಟದ ಕೀಲಿನ ಎಕ್ಸ್‌ರೇ ಕೈಗೆ ಬಂದ ಮೇಲೆ. ಕೀಲು ಸರಿಯಾಗಿ ಕೂರದ ಈ ತೊಂದರೆ ಲ್ಯಾಬ್ರಡಾರ್‌ಗಳಲ್ಲಿ ವಂಶಪಾರಂಪರ್ಯವಾಗಿ ಬರೋದುಂಟು. ತಂದೆ-ತಾಯಿಯನ್ನ ಪರೀಕ್ಷಿಸಿ ಮರಿ ಹಾಕಿಸಿದರೆ ಅಪಾಯ ಕಮ್ಮಿ ಆಗುತ್ತೆ. ತೆರೆಯ ಮೇಲಿನ ಖಳನಿಗೆ ನಾನು ಶಾಪ ಹಾಕ್ತಾ ಕೂತಿದ್ದೆ. ಅಂಥವನಿಗೆ ಸಂಬಳ ಕೊಟ್ಟಿದ್ದು ನನ್ನ ಯುಪಿಐ.

ನಾಯಕನಿಗೆ ಧರ್ಮ ಅಂತ ಹೆಸರಿಟ್ಟು ಹಿಮದ ಕಡೆ ಕಳಿಸಿದ್ದು ಯಾಕೆ ಅಂತ ನಮಗೆಲ್ಲ ಗೊತ್ತು. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಒಂದು ನಾಯಿ ನಡೆದುಬರುತ್ತೆ. ನಾಯಿಯನ್ನ ಬಿಟ್ಟು ರಥ ಹತ್ತು ಅಂತ ಇಂದ್ರ ಹೇಳಿದಾಗ, ಹಾಗಾದರೆ ಸ್ವರ್ಗವೇ ಬೇಡ ಅಂತಾನೆ ಧರ್ಮರಾಯ. ಆ ಕಥೆ ಕೇಳುವ ಪ್ರಶ್ನೆ ಒಂದೇ: ನಂಬಿ ಬಂದ ಜೀವಕ್ಕಾಗಿ ನೀನು ಏನನ್ನ ಬಿಡ್ತೀಯಾ? ಸಿನಿಮಾದ ಧರ್ಮ ಎಲ್ಲವನ್ನೂ ಬಿಟ್ಟು ಬೈಕ್ ಹತ್ತುತ್ತಾನೆ. ಭವ್ಯವಾಗಿದೆ, ಒಪ್ಪಿದೆ. ಆದರೆ ಹಿಮಾಲಯದವರೆಗಿನ ಆ ಪಯಣ ನೋಡಿದ ನಮಗೆ ಪ್ರೀತಿ ಅಂದ್ರೆ ಜೀವನದಲ್ಲಿ ಒಂದು ಸಲ ಮಾಡುವ ದೊಡ್ಡ ಕೆಲಸ ಅನ್ನಿಸಿಬಿಡುತ್ತೆ. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬದುಕುತ್ತೆ. ಅಷ್ಟು ವರ್ಷದ ಬೆಳಗಿನ ನಿದ್ದೆ, ದಿಢೀರ್ ಗೋವಾ ಟ್ರಿಪ್, ಆಫೀಸ್ ಮುಗಿದ ಮೇಲಿನ ಪಾರ್ಟಿ: ನಮ್ಮಂಥವರು ಬಿಡಬೇಕಾದ ಸ್ವರ್ಗ ಇಷ್ಟೇ. ಸಣ್ಣದು. ಆದರೆ ದಿನಾ ಬಿಡಬೇಕು.

ಸಿನಿಮಾ ನೋಡಿದ ವಾರ ಸಹೋದ್ಯೋಗಿಯೊಬ್ಬಳು ‘ನಂಗೂ ಚಾರ್ಲಿ ಥರದ್ದೇ ಒಂದು ಮರಿ ಬೇಕು, ನಿಂಗೆ ಯಾರು ಕೊಟ್ಟಿದ್ದು?’ ಅಂತ ನಂಬರ್ ಕೇಳಿದಳು. ಆ ಸಿನಿಮಾ ನೋಡಿ ಹುಟ್ಟಿದ ಆಸೆಯೇ ಅದು ಬೈಯುವ ದಂಧೆಗೆ ಗಿರಾಕಿ ತಂದುಕೊಡುತ್ತಿತ್ತು. ನಂಬರ್ ನನ್ನ ಫೋನಲ್ಲಿತ್ತು, ಕೊಡಲಿಲ್ಲ. ಬದಲಿಗೆ ಬೀದಿಯಿಂದ ತಂದ ಮರಿಗಳನ್ನ ಸಾಕಿ ದತ್ತು ಕೊಡುವ ಜಾಗದ ವಿಳಾಸ ಕಳಿಸಿ, ‘ಮೊದಲು ಎರಡು ಭಾನುವಾರ ಬೆಳಗ್ಗೆ ಆರಕ್ಕೆ ಬಾ, ಬೋಂಡಾನ ವಾಕ್ ಕರ್ಕೊಂಡು ಹೋಗು, ಆಮೇಲೆ ಮಾತಾಡೋಣ’ ಅಂದೆ.

ಮೊದಲ ಭಾನುವಾರ ಬಂದಳು. ಎರಡನೇ ಭಾನುವಾರ ಬರಲಿಲ್ಲ. ನನಗೇನೂ ಬೇಜಾರಾಗಲಿಲ್ಲ; ಅವಳು ನನಗಿಂತ ಬೇಗ ತನ್ನನ್ನ ತಾನು ತಿಳಿದುಕೊಂಡಳು ಅಷ್ಟೇ. ಬೋಂಡಾ ಮಾತ್ರ ಸ್ವಲ್ಪ ಹೊತ್ತು ಗೇಟಿನ ಕಡೆ ನೋಡ್ತಾ ನಿಂತಿದ್ದ. ಆಮೇಲೆ ನಾವಿಬ್ಬರೇ ಹೊರಟೆವು, ಅವನ ಕಾಲಿಗೆ ಹಿಡಿಸುವಷ್ಟು ನಿಧಾನವಾಗಿ.