ರಂಧ್ರಕ್ಕೂ ತೂಕವುಂಟು

ವಾಹಕ ಪಾಲಿಮರ್‌ಗಳ ಶೋಧಕ್ಕಾಗಿ ಹೀಗರ್, ಮ್ಯಾಕ್‌ಡಯರ್ಮಿಡ್ ಮತ್ತು ಶಿರಕಾವಾ ಅವರಿಗೆ 2000ದಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಆ ಬಳಿಕ ಇಂಥ ಪಾಲಿಮರ್‌ಗಳಿಂದ ರಂಧ್ರಮಯ ನ್ಯಾನೊ ಸಂಯೋಜಿತ ವಸ್ತುಗಳನ್ನು ತಯಾರಿಸುವ ಪ್ರಬಂಧಗಳ ಸುಗ್ಗಿಯೇ ಆಗಿದೆ. ಸೂಪರ್ ಕೆಪಾಸಿಟರ್ ಕುರಿತ ಯಾವುದೇ ಪ್ರಬಂಧ ತೆರೆಯಿರಿ, ಮೊದಲು ಕಣ್ಣಿಗೆ ಬೀಳುವುದು 'ಗ್ರಾಮಿಗೆ ಇಷ್ಟು ಫ್ಯಾರಡ್' ಎಂಬ ಸಂಖ್ಯೆ. ಅದು ಸುಳ್ಳಲ್ಲ. ಆದರೆ ಯಾವುದರ ಗ್ರಾಮು?

ತಯಾರಿಕೆಯ ವಿಧಾನವನ್ನೇ ನೋಡಿ. ಕಾರ್ಬನ್ ನ್ಯಾನೊ ನಳಿಕೆಗಳನ್ನು ಆಮ್ಲದ್ರಾವಣದಲ್ಲಿ ಚದುರಿಸಿ, ಅನಿಲೀನ್ ಬೆರೆಸಿ, ಅಮೋನಿಯಂ ಪರ್‌ಸಲ್ಫೇಟ್ ಹಾಕಿದರೆ ನಳಿಕೆಗಳ ಮೇಲೆ ಪಾಲಿಅನಿಲೀನಿನ ಹಸಿರು ಲೇಪ ಕೂರುತ್ತದೆ. ಈ ಒದ್ದೆ ರಾಶಿಯನ್ನು ಸುಮ್ಮನೆ ಒಣಗಿಸಿದರೆ ನೀರಿನ ಮೇಲ್ಮೈ ಸೆಳೆತಕ್ಕೆ ರಂಧ್ರಗಳು ಕುಸಿಯುತ್ತವೆ. ಆದ್ದರಿಂದ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜುಗಡ್ಡೆಯನ್ನು ನೇರವಾಗಿ ಆವಿಯಾಗಿಸುತ್ತಾರೆ. ಮಂಜಿನ ಹರಳುಗಳಿದ್ದ ಜಾಗ ರಂಧ್ರವಾಗಿ ಉಳಿಯುತ್ತದೆ. ಜಾಣ ಉಪಾಯವೇ ಸರಿ. ಅಯಾನುಗಳಿಗೆ ಒಳದಾರಿ ಸಿಗುತ್ತದೆ. ವಿದ್ಯುದಾವೇಶದೊಡನೆ ಉಬ್ಬಿ ಕುಗ್ಗುವ ಪಾಲಿಅನಿಲೀನಿಗೆ ಅವಕಾಶವೂ ಸಿಗುತ್ತದೆ.

ಆದರೆ ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಕೊಡುವ ಅಂಗಡಿಯವನಿಗೆ ತಿಳಿದ ಸಂಗತಿ ಇಲ್ಲಿ ಮರೆಯಾಗಿದೆ: ಹಗುರವಾದದ್ದು ಜಾಗ ತಿನ್ನುತ್ತದೆ. ಸಾಲದ್ದಕ್ಕೆ, ಈ ಜಾಗ ಖಾಲಿಯೂ ಇರದು. ಒಂದು ಲೆಕ್ಕ ಮಾಡೋಣ. ಘನ ಸೆಂಟಿಮೀಟರಿಗೆ 0.2 ಗ್ರಾಂ ತೂಗುವ, ಗ್ರಾಮಿಗೆ 400 ಫ್ಯಾರಡ್ ನೀಡುವ ವಸ್ತು ನಿಮ್ಮಲ್ಲಿದೆ ಎನ್ನಿ. ಒಂದು ಘನ ಸೆಂಟಿಮೀಟರಿನಿಂದ ದಕ್ಕುವುದು 80 ಫ್ಯಾರಡ್ ಮಾತ್ರ. ಅದರಲ್ಲಿ ಸುಮಾರು 0.85 ಪಾಲು ರಂಧ್ರ. ಅಲ್ಲಿ ಎಲೆಕ್ಟ್ರೊಲೈಟ್ ದ್ರಾವಣ ತುಂಬುತ್ತದೆ. ಅದಕ್ಕೆ ನೀರಿನಷ್ಟೇ ತೂಕವೆಂದರೂ ಒಟ್ಟು 1.05 ಗ್ರಾಂ. ಗ್ರಾಮಿಗೆ 400 ಇದ್ದದ್ದು 76ಕ್ಕೆ ಇಳಿಯಿತು! ಲೋಹದ ಹಾಳೆ, ಬೇರ್ಪಡಿಸುವ ಪೊರೆ, ಹೊರಕವಚಗಳನ್ನು ಇನ್ನೂ ಸೇರಿಸಿಲ್ಲ.

ಗೊಗೊಟ್ಸಿ ಮತ್ತು ಸೈಮನ್ 2011ರಲ್ಲಿಯೇ 'ಸೈನ್ಸ್' ಪತ್ರಿಕೆಯಲ್ಲಿ ಈ ದೋಷವನ್ನು ಎತ್ತಿ ತೋರಿಸಿದ್ದರು. ಮಾರುಕಟ್ಟೆಯ ಸಾಧನಗಳಲ್ಲಿ ಎಲೆಕ್ಟ್ರೋಡ್ ಸಾಮಾನ್ಯವಾಗಿ 100ರಿಂದ 200 ಮೈಕ್ರಾನ್ ದಪ್ಪವಿರುತ್ತದೆ. ಕೆಲವೇ ಮೈಕ್ರಾನ್ ದಪ್ಪದ ಲೇಪದ ಮೇಲೆ ಅಳೆದ ಸಂಖ್ಯೆಯಿಂದ ವಾಹನಕ್ಕೆ ಹಾಕುವ ಸಾಧನದ ಸಾಮರ್ಥ್ಯವನ್ನು ಊಹಿಸಲಾಗದು. ಅನಿಲ ಸಂವೇದಕಗಳ ಮಾತು ಬೇರೆ. ಅಲ್ಲಿ ಮೇಲ್ಮೈಯೇ ಮುಖ್ಯ, ರಂಧ್ರ ಹೆಚ್ಚಿದಷ್ಟೂ ಅನುಕೂಲ. ಶಕ್ತಿ ಸಂಗ್ರಹದ ಪ್ರಬಂಧ ಕೈಗೆ ಬಂದಾಗ ಮಾತ್ರ ಸಾಂದ್ರತೆ, ದಪ್ಪ, ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಗ್ರಾಂ ಎಂಬ ಮೂರನ್ನು ಹುಡುಕಿ. ಅವು ಇಲ್ಲದಿದ್ದರೆ ಫ್ಯಾರಡ್ ಸಂಖ್ಯೆಯನ್ನು ಬದಿಗಿಟ್ಟು, ತಯಾರಿಕೆಯ ವಿಧಾನವನ್ನಷ್ಟೇ ಓದಿಕೊಳ್ಳಿ.